ಬೀಳಲು ಕಲಿತ ತಂಗಿ

ಬೋಳಾರದ ನಮ್ಮ ಮನೆಯ ಬಾಗಿಲ ಹಿಡಿಗಳ ಮೇಲೆ, ಫ್ರಿಜ್ಜಿನ ಅಂಚಿನಲ್ಲಿ, ಒಮ್ಮೊಮ್ಮೆ ದೇವರ ಕೋಣೆಯ ಚಿಲಕದಲ್ಲಿಯೂ ಬಿಳಿ ಬೆರಳಚ್ಚುಗಳಿರುತ್ತಿದ್ದವು. ಅವು ನನ್ನ ತಂಗಿ ಪ್ರಮೀಳೆಯವು. ಭಾರ ಎತ್ತುವವರು ಕೈ ಜಾರದಿರಲೆಂದು ಬಳಿದುಕೊಳ್ಳುವ ಪುಡಿ ಅದು. ಎಷ್ಟು ತೊಳೆದರೂ ಅವಳನ್ನು ಬಿಡುತ್ತಿರಲಿಲ್ಲ. ಪವರ್‌ಲಿಫ್ಟಿಂಗಿನಲ್ಲಿ ಮೂರು ಬಾರಿ ರಾಜ್ಯದ ಚಾಂಪಿಯನ್ ಆದವಳು ಒಂದು ದಿನ ಅದನ್ನು ಬಿಟ್ಟು ಪ್ರೊಫೆಷನಲ್ ರೆಸ್ಲಿಂಗಿಗೆ, ಅಂದರೆ ಬಣ್ಣದ ದೀಪಗಳ ಕೆಳಗೆ ಯಾರು ಗೆಲ್ಲಬೇಕೆಂಬುದು ಮೊದಲೇ ನಿಶ್ಚಯವಾಗಿರುವ ಆ ಕುಸ್ತಿಗೆ, ಹೋಗುತ್ತೇನೆಂದಾಗ ಅಮ್ಮ ಎರಡು ದಿನ ಮಾತು ಬಿಟ್ಟರು. ಕಾರಣ ಕೇಳಿದ ನನಗೆ ಅವಳು ಹೇಳಿದ್ದಿಷ್ಟೆ: "ನಾನು ಎತ್ತಿದ್ದನ್ನು ನೋಡ್ಲಿಕ್ಕೆ ಮೂರು ಜನ ತೀರ್ಪುಗಾರರು ಬಿಟ್ರೆ ಯಾರುಂಟು ಅಕ್ಕ?"

ಗಲ್ಫಿನಲ್ಲಿದ್ದಾಗ ಈ ವಿದ್ಯೆ ಕಲಿತು ಬಂದಿದ್ದ ಹಮೀದ್ ಮಾಸ್ಟ್ರು ಪಂಪ್‌ವೆಲ್ ಹತ್ತಿರದ ಹಳೆಯ ಗೋದಾಮಿನಲ್ಲಿ ಅವಳಿಗೆ ಮೊದಲು ಕಲಿಸಹೊರಟದ್ದು ಬೀಳುವುದನ್ನು. ಗದ್ದವನ್ನು ಎದೆಗೊತ್ತಿ, ಉಸಿರು ಬಿಟ್ಟು, ಅಗಲ ಬೆನ್ನಿನ ಮೇಲೆ ಬೀಳಬೇಕು. ಪ್ರಮೀಳೆಗೆ ಅದು ತಿಂಗಳುಗಟ್ಟಲೆ ಬರಲಿಲ್ಲ. ಯೋಚಿಸಿ ನೋಡಿ, ಉಸಿರು ಬಿಗಿಹಿಡಿದು ನಿಲ್ಲುವುದನ್ನೇ ಹತ್ತು ವರ್ಷ ಕಲಿತ ದೇಹಕ್ಕೆ ಇನ್ನು ನಿಲ್ಲಬೇಡ ಎಂದು ಹೇಳುವುದು ಹೇಗೆ? ನಾವೂ ಹಾಗೆಯೇ ಅಲ್ಲವೇ, ನಿಂತದ್ದಕ್ಕೆ ಮಾತ್ರ ಚಪ್ಪಾಳೆ ಪಡೆದು ಬೆಳೆದವರು.

ಅಂತೂ ಅವಳು ಕಲಿತಳು. ಬಜಪೆಯ ಸಭಾಂಗಣವೊಂದರಲ್ಲಿ ಮೊದಲ ಪಂದ್ಯ ಗೊತ್ತಾಯಿತು. ಎದುರಾಳಿ ಹುಬ್ಬಳ್ಳಿಯ ರಜನಿ. ಕೊನೆಯಲ್ಲಿ ಪ್ರಮೀಳೆ ಅವಳನ್ನು ತಲೆಯ ಮೇಲಕ್ಕೆತ್ತಿ, ಕೆಳಗೆ ಹಾಕಿ ಗೆಲ್ಲಬೇಕೆಂಬುದು ತೀರ್ಮಾನ. ಆದರೆ ಪಂದ್ಯಕ್ಕೆ ನಾಲ್ಕು ದಿನವಿರುವಾಗ ಅಡುಗೆಮನೆಯಲ್ಲಿ ನೀರಿನ ಕ್ಯಾನ್ ಎತ್ತಲು ಹೋದ ತಂಗಿ ಅದನ್ನು ಅರ್ಧಕ್ಕೇ ಇಳಿಸಿದ್ದನ್ನು ನಾನು ಕಂಡೆ. ಬಲ ಭುಜದ ಹಳೆಯ ನೋವು. "ಅಮ್ಮನಿಗೆ ಹೇಳ್ಬೇಡ. ಒಂದು ಸಲ ಎತ್ತುವುದು ಅಲ್ವಾ, ಆಗ್ತದೆ" ಎಂದಳು. ನಾನು ಹೇಳಲಿಲ್ಲ.

ಪಂದ್ಯದ ಬೆಳಿಗ್ಗೆ ಪಂಪ್‌ವೆಲ್ಲಿನಲ್ಲಿ ಬಸ್ಸಿಳಿದ ರಜನಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದವಳು ನಾನೇ. ಸಣ್ಣ ಮೈಕಟ್ಟಿನ, ಎರಡು ವರ್ಷದ ಮಗಳನ್ನು ತಾಯಿಯ ಬಳಿ ಬಿಟ್ಟು ಬಂದ ಹೆಂಗಸು. ಸಿಗ್ನಲ್ಲಿನಲ್ಲಿ ನಿಂತಾಗ ಬೆನ್ನ ಹಿಂದಿನಿಂದ ಮೆಲ್ಲನೆ ಕೇಳಿದಳು: "ನಿಮ್ಮ ತಂಗಿ ಕೈ ಗಟ್ಟಿ ಅದಾವಲ್ರಿ?"

ಹಸಿರು ದೀಪ ಬರುವವರೆಗೆ ನನಗೆ ಸಮಯವಿತ್ತು. "ಚಾಂಪಿಯನ್ ಅಲ್ವಾ, ಎಂತ ಹೆದರಿಕೆ?" ಎಂದು ನಗಾಡಿದೆ.

ಸಂಜೆ ಬಜಪೆಯ ಸಭಾಂಗಣದಲ್ಲಿ ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಒಲ್ಲದ ಮನಸ್ಸಿನಿಂದ ಬಂದಿದ್ದ ಅಮ್ಮ ಪಕ್ಕದಲ್ಲಿ ಸೆರಗಿನ ತುದಿ ಸುರುಳಿ ಸುತ್ತುತ್ತಿದ್ದರು. ರಿಂಗಿನಲ್ಲಿ ಪ್ರಮೀಳೆ ರಜನಿಯನ್ನು ಎತ್ತಿದಳು. ಸೊಂಟ, ಎದೆ, ಭುಜ ದಾಟಿ ಆ ದೇಹ ದೀಪದ ಬೆಳಕಿಗೇರಿದಾಗ ಸಭೆ ಎದ್ದು ನಿಂತಿತು. ನಾನು ನೋಡುತ್ತಿದ್ದುದು ಬಲ ಭುಜವೊಂದನ್ನೇ. ಅದು ನಡುಗಿತು, ಕುಸಿಯಿತು. ರಜನಿ ತಲೆ ಕೆಳಗಾಗಿ ಬೀಳತೊಡಗಿದಳು.

ಪ್ರಮೀಳೆ ಕೈ ಬಿಟ್ಟು ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ಗದ್ದವನ್ನು ಎದೆಗೊತ್ತಿ, ತಾನೇ ಅಡಿಗೆ ಬಿದ್ದು, ಆ ಪೂರ್ತಿ ಭಾರವನ್ನು ಎದೆಯ ಮೇಲೆ ತೆಗೆದುಕೊಂಡು, ಎರಡೂ ಕೈಗಳಿಂದ ರಜನಿಯ ಕತ್ತನ್ನು ಅಲುಗದಂತೆ ಹಿಡಿದಳು. ರೆಫರಿ ಒಂದು ಕ್ಷಣ ದಿಕ್ಕು ತೋಚದೆ ನಿಂತು, ಆಮೇಲೆ, ಎರಡೂ ಭುಜ ನೆಲಕ್ಕೊತ್ತಿರುವಾಗ ಮೂರು ಎಣಿಸಿದರೆ ಸೋಲು ಎಂಬ ನಿಯಮದಂತೆ, ಎಣಿಸತೊಡಗಿದ. ಒಂದು. ಎರಡು. ಭುಜವೊಂದನ್ನು ನೆಲದಿಂದ ಎತ್ತಿದರೆ ಸಾಕು, ಸೋಲು ತಪ್ಪುತ್ತಿತ್ತು. ಎತ್ತಿದರೆ ಆ ಕತ್ತು ಅಲುಗುತ್ತಿತ್ತು. ಅವಳು ರಜನಿಯ ಕಿವಿಯಲ್ಲಿ ಏನೋ ಕೇಳುತ್ತಿದ್ದಳು. ಮೂರು.

ಹುಯ್ಲೆದ್ದಿತು. ಹಿಂದಿನ ಸಾಲಿನಲ್ಲಿ ಯಾರೋ, "ಎಲ್ಲ ನಾಟಕ ಮಾರಾಯ, ಮೊದಲೇ ಹೇಳಿಟ್ಟದ್ದು" ಎಂದರು. ಅಮ್ಮ ತಿರುಗಿ ನೋಡಿದರು. ರಜನಿಯ ಬೆರಳುಗಳು ಒಂದೊಂದಾಗಿ ಅಲ್ಲಾಡಿದ ಮೇಲೆಯೇ ಪ್ರಮೀಳೆ ಕೈ ತೆಗೆದದ್ದು. ಆಸ್ಪತ್ರೆಯಲ್ಲಿ ತಿಳಿಯಿತು: ತಂಗಿಯ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು, ರಜನಿಗೆ ಕತ್ತು ಉಳುಕಿತ್ತು, ಅಷ್ಟೆ.

ಮರುದಿನ ಕತ್ತಿಗೆ ಪಟ್ಟಿ ಕಟ್ಟಿಕೊಂಡ ರಜನಿಯನ್ನು ಬಸ್ಸಿಗೆ ಬಿಡಲು ಹೋದೆ. ಬಸ್ಸು ಬರುವ ಮೊದಲು ಹೇಳಿಬಿಟ್ಟೆ: ತಂಗಿಯ ಭುಜ ಸರಿಯಿಲ್ಲವೆಂದು ನನಗೆ ಗೊತ್ತಿತ್ತು, ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ. ಬಯ್ಯಲಿ ಎಂದು ಕಾದೆ.

ರಜನಿ ಚೀಲವನ್ನು ಹೆಗಲಿಗೇರಿಸಿ, ಕತ್ತು ತಿರುಗಿಸಲಾಗದೆ, ಇಡೀ ಮೈಯನ್ನೇ ನನ್ನತ್ತ ತಿರುಗಿಸಿದಳು.

"ಆಟಕ್ಕ ಮೊದಲ ಆಕೀನ ನನಗ ಭುಜದ ನೋವು ಹೇಳಿದ್ಲ್ರೀ. ಜಾರಿದ್ರ ಕೆಳಗ ನಾ ಇರ್ತೀನಿ ಅಂದಿದ್ಲು" ಎಂದಳು. "ಇದ್ಲಲ್ರಿ."