ಹಂಚು ತೆಗೆದ ಓಣಿ

ಹಳಿಯಾಳದಲ್ಲಿ ಸುಭಾನಿ ಹತ್ತದ ಮಾಡು ಇರಲಿಲ್ಲ. ಹಂಚು ಹೊದಿಸುವುದು ಅವನ ಕಸುಬು. ವಯಸ್ಸು ಐವತ್ತು ದಾಟಿದ್ದರೂ ಅವನು ಮಾಡಿನ ಮೇಲೆ ನಡೆದರೆ ಕೆಳಗೆ ಮಲಗಿದ ಕೂಸಿಗೆ ಎಚ್ಚರವಾಗುತ್ತಿರಲಿಲ್ಲ. ಮಾತು ಕಡಿಮೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ರೂಢಿಯೂ ಇರಲಿಲ್ಲ.

ಮೂವತ್ತರ ದಶಕದ ಒಂದು ಚಳಿಗಾಲದಲ್ಲಿ ಊರಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಲೆಕ್ಕ. ಜನ ಹಾಸಿಗೆ, ಪಾತ್ರೆ-ಭಾಂಡೆ ಹೊತ್ತು, ದನ ಹೊಡೆದುಕೊಂಡು ಹೋಗಿ ತೇರಗಾಂವದ ದಾರಿಯ ಹೊಲಗಳಲ್ಲಿ ಗುಡಿಸಲು ಹಾಕಿದರು. ಖಾಲಿ ಊರಿನಲ್ಲಿ ಸುಭಾನಿಗೆ ಕೆಲಸ ಸಿಕ್ಕಿತು. ಮನೆಮನೆಯ ಹಂಚು ತೆಗೆದು ಒಳಗೆ ಬಿಸಿಲು ಬೀಳುವಂತೆ ಮಾಡಬೇಕು. ಬಿಸಿಲಿಗೆ ಚಿಗಟ ಸಾಯುತ್ತವೆ, ಚಿಗಟ ಸತ್ತರೆ ಪ್ಲೇಗು ಹೋಗುತ್ತದೆ ಎಂದು ಡಾಕ್ಟರರು ಹೇಳಿದ್ದರು.

ಬೇಸಿಗೆ ಬಂತು. ಊರನ್ನು ಮತ್ತೆ ತೆರೆಯುವ ಮಾತು ನಡೆಯಿತು. ಪ್ಲೇಗಿನ ಇನ್ಸ್‌ಪೆಕ್ಟರ ಕರಿಬಸಪ್ಪ ಒಂದು ಕಟ್ಟಳೆ ಮಾಡಿದ. ಪ್ರತಿ ಮನೆಯ ನೆಲಕ್ಕೆ ಜರಡಿ ಹಿಡಿದ ಬೂದಿ ಹರಡಬೇಕು. ಏಳು ಬೆಳಗು ಅದರ ಮೇಲೆ ಇಲಿಯ ಹೆಜ್ಜೆ ಕಾಣದಿದ್ದರೆ ಆ ಓಣಿಯ ಹಂಚು ಹೊದಿಸಿ ಜನರನ್ನು ಒಳಗೆ ಬಿಡಬೇಕು. ಮಾಡಿನ ಮೇಲಿಂದ ಇಣುಕಿ ಹೆಜ್ಜೆ ನೋಡುವ ಕೆಲಸವೂ ಸುಭಾನಿಯದೇ ಆಯಿತು. ಅವನು ಹೂಂ ಎಂದರೆ ಓಣಿ ತೆರೆಯುತ್ತಿತ್ತು.

ಆ ಹೂಂ ಅನ್ನುವ ಮೊದಲು ಅವನು ಒಂದೊಂದು ಮನೆಯನ್ನೂ ಎರಡೆರಡು ಸಲ ಇಣುಕುತ್ತಿದ್ದ. ಐದು ವರ್ಷದ ಹಿಂದಿನ ಪ್ಲೇಗಿನಲ್ಲಿ ಜನ ಅವಸರ ಮಾಡಿ ಊರು ಹೊಕ್ಕಿದ್ದರು. ಹೊಕ್ಕ ಎಂಟನೆಯ ದಿನ ಅವನ ಹೆಂಡತಿ ದಿಲಶಾದಳ ಬಗಲಲ್ಲಿ ಗಡ್ಡೆ ಎದ್ದಿತ್ತು.

ಖಾಲಿ ಊರು ಹಗಲಲ್ಲೇ ಹೆದರಿಸುತ್ತಿತ್ತು. ನಡುಹಗಲಲ್ಲಿ ಬೀಗ ಹಾಕಿದ ಮನೆಗಳ ಒಳಗೆಲ್ಲ ಬಿಸಿಲು ತುಂಬಿರುತ್ತಿತ್ತು. ತೊಟ್ಟಿಲು, ಬೀಸುವ ಕಲ್ಲು, ಗೂಟಕ್ಕೆ ತೂಗುಬಿಟ್ಟ ಅಂಗಿ, ಎಲ್ಲವೂ ಮೇಲಿನಿಂದ ಕಾಣುತ್ತಿದ್ದವು. ಸುಭಾನಿ ಕೆಮ್ಮಿದರೆ ಮೂರು ಮನೆಯಾಚೆ ಯಾರೋ ಕೆಮ್ಮಿದಂತೆ ಕೇಳುತ್ತಿತ್ತು.

ಒಂದೊಂದೇ ಓಣಿ ತೆರೆಯಿತು. ಕೊನೆಗೆ ಕೆಳಗಿನ ಓಣಿಯ ಒಂಬತ್ತು ಮನೆಗಳು ಉಳಿದವು. ಅಲ್ಲಿ ಆರು ಬೆಳಗು ಬೂದಿ ಸ್ವಚ್ಛವಾಗಿತ್ತು. ಆದರೆ ಅದು ಅತಿ ಸ್ವಚ್ಛವಾಗಿತ್ತು. ಬೇರೆ ಓಣಿಗಳಲ್ಲಿ ಹಲ್ಲಿ ಹರಿದ ಗೆರೆ, ಗುಬ್ಬಿ ಕುಣಿದ ಗುರುತು ಇರುತ್ತಿದ್ದವು. ಇಲ್ಲಿ ಮಾಡು ತೆರೆದಿದ್ದರೂ ಗಾಳಿ ಕೂಡ ಬೂದಿಯನ್ನು ಮುಟ್ಟಿದಂತಿರಲಿಲ್ಲ.

ಆರನೆಯ ದಿನ ಅವನು ಮತ್ತೊಂದನ್ನು ಕಂಡ. ಮುಂಬಾಗಿಲಿಗೆ ಬೀಗವಿದ್ದ ಮನೆಯ ಒಳಗೆ, ನಡುಮನೆಯ ಹೊಸ್ತಿಲ ಮುಂದೆ, ಬಿಳಿ ರಂಗೋಲಿ. ಪಕ್ಕದ ಮನೆಯಲ್ಲೂ ಇತ್ತು. ಅದರಾಚೆಯದರಲ್ಲೂ. ಗೆರೆಗಳು ಆಗತಾನೆ ಎಳೆದಂತಿದ್ದವು. ಆ ಓಣಿಯ ಏಳು ಹೆಂಗಸರು ಆ ಸಲದ ಪ್ಲೇಗಿನಲ್ಲೇ ತೀರಿಕೊಂಡಿದ್ದರು.

ಸಂಜೆ ಕಾಳಿನ ವ್ಯಾಪಾರಿ ಶಿವಲಿಂಗಪ್ಪ ಅವನನ್ನು ದಾರಿಯಲ್ಲೇ ತಡೆದ. ಅವನ ಮನೆಯೂ ಆ ಓಣಿಯಲ್ಲೇ ಇತ್ತು.

"ಏನ್ ಸುಭಾನಿ, ನಾಳೆ ಹೂಂ ಅಂತಿಯಿಲ್ಲ? ಮ್ಯಾಲ ನೋಡು, ಮೋಡ ಹೆಂಗ ಕಟ್ಟ್ಯಾವು. ಮಣ್ಣಿನ ಗ್ವಾಡಿ ನೆನೆದ್ರ ನೀ ಬಂದು ಕಟ್ಟಿಕೊಡ್ತಿಯೇನು?"

"ನಾಳೆ ನೋಡಿ ಹೇಳ್ತೇನ್ರಿ."

"ಇಲಿ ಹೆಜ್ಜಿ ನೋಡಾಕ ಪಂಚಾಂಗ ಬೇಕೇನೋ ನಿನಗ?"

ಏಳನೆಯ ದಿನ ಬೆಳಕು ಹರಿಯುವ ಮೊದಲೇ ಸುಭಾನಿ ರಂಗೋಲಿ ಕಂಡ ಮೊದಲ ಮನೆಯ ಮಾಡಿನ ತೊಲೆಯ ಮೇಲೆ ಕುಳಿತಿದ್ದ. ಬಾಯಲ್ಲಿ ಅಲ್ಲಾಹನ ಹೆಸರು. ಹಿತ್ತಲ ಬಾಗಿಲು ಕಿರ್ ಎಂದಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಒಂದು ಆಕೃತಿ ಹಿಂದೆ ಹಿಂದೆ ಸರಿಯುತ್ತ, ಹರಕು ಬಟ್ಟೆಯಿಂದ ಬೂದಿಯನ್ನು ಸವರತೊಡಗಿತು. ಸವರಿ ಮುಗಿಸಿ ಹೊಸ್ತಿಲಿಗೆ ಬಾಗಿತು.

"ಯಾರದು?" ಅವನ ದನಿಯ ಗುರುತು ಅವನಿಗೇ ಸಿಗಲಿಲ್ಲ.

ಆಕೃತಿ ತಲೆ ಎತ್ತಿತು. ಶಂಕ್ರವ್ವ. ಆ ಮನೆಯವಳೇ. ಗಂಡ ಪ್ಲೇಗಿನಲ್ಲಿ ಹೋಗಿದ್ದ. ಬಸುರಿ ಸೊಸೆ ನೀಲಕ್ಕನೊಂದಿಗೆ ಗುಡಿಸಲಲ್ಲಿದ್ದಳು.

"ಕಾಗಿ ಕುಂತಂಗ ಕುಂತೀಯಲ್ಲೋ ಸುಭಾನಿ. ಇಳಿ, ಬಿದ್ದೀಯ."

"ಇಲ್ಲೇನ್ ಮಾಡಾಕತ್ತೀರಿ, ಅಕ್ಕಾ?"

"ನನ್ನ ಮನಿ ನಾ ಕಸಾ ಹೊಡೀಬಾರದೇನು?"

"ಬೂದಿ ಮ್ಯಾಲ ಏನಿತ್ತು?"

ಶಂಕ್ರವ್ವ ಬಟ್ಟೆಯನ್ನು ಹಿಂಡುತ್ತ ನಿಂತಳು. "ಸಣ್ಣ ಸಣ್ಣ ಹೆಜ್ಜಿ. ನಾಕು ಮನಿಯಾಗ ಇದ್ವು. ಉಳಿದ ಮನೀನೂ ಸವರಿದೆ, ಎಲ್ಲಾ ಒಂದೇ ನಮೂನಿ ಕಾಣ್ಲಿ ಅಂತ. ನೀಲಕ್ಕಗ ದಿನಾ ತುಂಬ್ಯಾವಪ್ಪ. ಮಳಿ ಬಂದ್ರ ಆ ಕೆಸರಾಗ ಹಡೀಬೇಕೇನು ಆಕಿ?"

"ಮತ್ತ ರಂಗೋಲಿ ಯಾಕ ಹಾಕಿದ್ರಿ?"

"ಹಸನ ಮಾಡಿದ ನೆಲಾ ಹಂಗ ಬರಿದ ಬಿಟ್ಟು ಹೋಗಾಕ ಬರ್ತೈತೇನು? ಕೈ ಕೇಳಲಿಲ್ಲ."

ಅಷ್ಟರಲ್ಲಿ ಬೆಳಕಾಯಿತು. ಮೊಣಕಾಲ ಕೆಳಗೆ ಬೂದಿ ಮೆತ್ತಿದ ಅವಳ ಕಾಲ ಮೇಲೆ, ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕಿಗಳು. ಚಿಗಟ ಕಚ್ಚಿದ ಗುರುತು. ಸುಭಾನಿ ನೋಡುತ್ತಿದ್ದುದನ್ನು ಅವಳೂ ನೋಡಿದಳು. ಸೀರೆ ಕೆಳಗೆ ಬಿಟ್ಟಳು.

"ನೀಲಕ್ಕನ ಹತ್ರ ಮಲಗ್ತೀರೇನು?"

"ಇಲ್ಲ. ಆಕಿ ಅವ್ವ ಬಂದಾಳ. ನಾ ಹೊರಗ, ದನದ ಕಡೆ ಮಲಗ್ತೇನಿ." ಹರಕು ಬಟ್ಟೆಯನ್ನು ಮಡಚುತ್ತ ಕೇಳಿದಳು, "ಕರಿಬಸಪ್ಪಗ ಹೇಳ್ತಿಯೇನು?"

"ಹೇಳ್ತೇನಿ ಅಕ್ಕಾ."

ಹೇಳಿದ. ಅಂದು ಹೊಸ ಬೂದಿ ಹರಡಿದರು. ಮರುದಿನ ಶಿವಲಿಂಗಪ್ಪನ ಮನೆಯ ಬೂದಿಯ ಮೇಲೆ ಒಂದು ಸಾಲು ಹೆಜ್ಜೆ ತೊಡರುತ್ತ ಬಂದು ನಡುಮನೆಯಲ್ಲಿ ನಿಂತಿತ್ತು. ಅಲ್ಲೇ ಇಲಿ ಸತ್ತು ಬಿದ್ದಿತ್ತು. ಓಣಿಗೆ ಹಗ್ಗ ಕಟ್ಟಿದರು. ಮೂರನೆಯ ದಿನ ಮಳೆ ಸುರಿಯಿತು. ಶಿವಲಿಂಗಪ್ಪನ ಹಿತ್ತಲಗೋಡೆ ಕುಸಿದಾಗ ಅವನು ಸುಭಾನಿಯ ಏಳು ತಲೆಮಾರನ್ನು ಬಯ್ದ. ಮಳೆ ನಿಂತ ಮೇಲೆ ಸುಭಾನಿ ಮತ್ತೆ ಬೂದಿ ಹರಡಿದ, ಮತ್ತೆ ಒಂದರಿಂದ ಎಣಿಸತೊಡಗಿದ.

ಸುಭಾನಿಯ ಕಣ್ಣಿಗೆ ಬಿದ್ದ ದಿನವೇ ಶಂಕ್ರವ್ವ ಗುಡಿಸಲಿಗೆ ಮರಳಲಿಲ್ಲ. ಯಾರೂ ಹೇಳದಿದ್ದರೂ ಹೊಲದಾಚೆಯ ಮತ್ತಿಮರದ ಕೆಳಗೆ ಹೋಗಿ ಕುಳಿತಳು. ಸುಭಾನಿ ಗೋಣಿತಟ್ಟು ಕಟ್ಟಿ ಮರೆ ಮಾಡಿಕೊಟ್ಟ. ದಿನಾ ಬೆಳಿಗ್ಗೆ ನೀರು, ರೊಟ್ಟಿ ದೂರದಲ್ಲಿಟ್ಟು "ಅಕ್ಕಾ" ಎಂದು ಕೂಗುತ್ತಿದ್ದ. ಅವಳು ಕೈ ಎತ್ತುತ್ತಿದ್ದಳು. ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ. ಮೈ ಅಲುಗುತ್ತಿರಲಿಲ್ಲ. ಕೈಯೊಂದೇ ಏಳುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ನೀಲಕ್ಕ ಹೆಣ್ಣು ಹಡೆದಳು. ಸುಭಾನಿ ಓಡಿಹೋಗಿ ಹೇಳಿದಾಗ ಎರಡೂ ಕೈ ಎದ್ದವು. ಐದನೆಯ ಬೆಳಿಗ್ಗೆ ಅವನು ಮೂರು ಸಲ ಕೂಗಿದ. ಕೈ ಏಳಲಿಲ್ಲ.

ಆಮೇಲೆ ಸುಭಾನಿ ಏಳು ಬೆಳಗು ಸಾಕೆನ್ನಲಿಲ್ಲ. ಹದಿನಾಲ್ಕು ಎಣಿಸಿದ. ಹಲ್ಲಿಯ ಗೆರೆ, ಗುಬ್ಬಿಯ ಗುರುತು ಕಂಡ ಮೇಲೆಯೇ ಹಂಚು ಹೊದಿಸತೊಡಗಿದ. ಶಂಕ್ರವ್ವನ ಮನೆಯ ಕೊನೆಯ ಹಂಚು ಕೂತಾಗ, ಅಷ್ಟು ತಿಂಗಳು ಬೆಳಕಿದ್ದ ನಡುಮನೆ ಕತ್ತಲಾಯಿತು. ಇಲಿಯ ಸದ್ದಿದೆಯೇ ಎಂದು ಅವನು ಮಾಡಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದ.

ಕೆಳಗೆ ನೀಲಕ್ಕ ಕೂಸನ್ನು ಎತ್ತಿಕೊಂಡು ನಿಂತಿದ್ದಳು.

"ಒಳಗ ಕಾಲಿಡ್ಲೇನ್ರಿ, ಕಾಕಾ?"

ಸುಭಾನಿ ಇಳಿದು ಬಂದ, ಬಾಗಿಲು ತೆರೆದ, ಬರಿಗಾಲಲ್ಲಿ ಬೂದಿಯ ಮೇಲೆ ನಡೆದು ನಡುಮನೆಯ ಕತ್ತಲಲ್ಲಿ ಕುಳಿತ. ಒಂದು ತಾಸು ಕಾಲು ಚಾಚಿಕೊಂಡು ಕುಳಿತೇ ಇದ್ದ. ಆಮೇಲೆ ಬಾಗಿಲಿಗೆ ಬಂದು, ಬಿಸಿಲಲ್ಲಿ ತನ್ನ ಎರಡೂ ಕಾಲುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಕೆಂಪು ಚುಕ್ಕಿ ಒಂದೂ ಇರಲಿಲ್ಲ.

"ಹೂಂ," ಎಂದ. "ಬಾರವ್ವಾ."