ಬೆಡ್‌ಶೀಟಿನ ಆ ತುದಿ ಹಿಡಿದವರು

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಲಾಂಡ್ರಿಯ ಯಂತ್ರಗಳು ಇನ್ನೂ ಶುರುವಾಗಿಲ್ಲ. ಒಗೆದ ಬಟ್ಟೆ ಜೋಡಿಸಿಡುವ ಕೋಣೆಯಲ್ಲಿ ಇಬ್ಬರು ಕುಳಿತಿದ್ದಾರೆ. ಮೂರು ಗೋಡೆಗೂ ಸೂರು ಮುಟ್ಟುವಂತೆ ಬೆಡ್‌ಶೀಟು, ಕಂಬಳಿ, ದಿಂಬಿನ ಕವರುಗಳ ಅಟ್ಟಿ. ನಡುವೆ ಎರಡು ಸ್ಟೂಲು. ಒಂದರ ಮೇಲೆ ಆಟೊ ಓಡಿಸುವ ಗಂಡಸು. ಇನ್ನೊಂದರ ಮೇಲೆ, ಇಲ್ಲಿ ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೆಂಗಸು. ವಯಸ್ಸು ಐವತ್ತೆರಡು, ಕೆಲಸ ಬಟ್ಟೆ ಮಡಿಸುವುದು. ಅವರ ಅಂಗೈಯಲ್ಲಿ ಗಾಜು ಬಿರುಕುಬಿಟ್ಟ ಮೊಬೈಲು.

"ಜೇಬಿಂದ ಕೀಲಿ ತೆಗೆದಿಡಿ, ಸದ್ದಾಗುತ್ತೆ. ಕೈ ತೊಡೆ ಮೇಲಿರ್ಲಿ. ಭಾಷಣ ಬೇಡಪ್ಪ, ಪಕ್ಕದ ಮನೆಯವರ ಹತ್ರ ಮಾತಾಡೋ ಹಂಗೆ ಮಾತಾಡಿ."

"ಪಕ್ಕದ ಮನೆಯವರ ಹತ್ರ ಮಾತಾಡೋ ಹಂಗಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ದೊಡ್ಡಕ್ಕ?"

ಇಬ್ಬರೂ ನಗುತ್ತಾರೆ. ನಗು ಅಡಗಿದ ಮೇಲೆ ದೊಡ್ಡಕ್ಕ ಮೊಬೈಲಿನಲ್ಲಿ ಧ್ವನಿ ಮುದ್ರಿಸುವ ಗುಂಡಿ ಒತ್ತುತ್ತಾರೆ. ಆಟೊದವನು ತನಗೆ ಎಚ್‌ಐವಿ ಇದೆ ಎಂದು ಹೆಂಡತಿಗೆ ಹೇಳಿದ ದಿನವನ್ನು ನೆನೆಯುತ್ತಾನೆ. ಹೇಳಿ, ಗೋಡೆಗೆ ಮುಖ ಮಾಡಿ ಅತ್ತನಂತೆ. ಆಕೆಯೂ ಅತ್ತಳು. ಆಮೇಲೆ ಸೆರಗಲ್ಲಿ ಮೂಗು ಒರೆಸಿಕೊಂಡು, "ಆಯ್ತಾ? ಹಂಗಾದ್ರೆ ಎದ್ದು ಊಟ ಮಾಡಿ, ಪಾತ್ರೆ ತೊಳೀಬೇಕು" ಎಂದಳಂತೆ. ಮರುದಿನ ತನ್ನ ರಕ್ತಪರೀಕ್ಷೆಗೆ ತಾನೇ ಮೊದಲು ಚಪ್ಪಲಿ ಮೆಟ್ಟಿ ನಿಂತಳಂತೆ.

ಈ ಧ್ವನಿ ಮೂರನೇ ಮಹಡಿಯ ಚಿಕಿತ್ಸಾ ಕೇಂದ್ರಕ್ಕೆ ಹೋಗುತ್ತದೆ. ಸೋಂಕು ಇದೆಯೆಂದು ಆಗಷ್ಟೇ ತಿಳಿದವರ ಕಿವಿಗೆ ಅಲ್ಲಿನ ಸಮಾಲೋಚಕಿ ಇಯರ್‌ಫೋನ್ ಕೊಡುತ್ತಾರೆ; ಕೇಳಿದವರು ಬಯಸಿದರೆ ಅವರ ಮೊಬೈಲಿಗೂ ಕಳಿಸುತ್ತಾರೆ. ಮಾತಾಡಿದವರು ಮೊದಲು ತಮ್ಮ ಮಾತನ್ನು ತಾವೇ ಪೂರ್ತಿ ಕೇಳಬೇಕು, ಒಪ್ಪಬೇಕು. ಬೇಡವೆಂದರೆ ಅವರ ಕಣ್ಣೆದುರೇ ಅಳಿಸಲಾಗುತ್ತದೆ. ಆರು ವರ್ಷಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಈ ಸ್ಟೂಲಿನ ಮೇಲೆ ಕುಳಿತು ಮಾತಾಡಿದ್ದಾರೆ. ಕೋಣೆಯನ್ನು ಹುಡುಕಿದವರು ದೊಡ್ಡಕ್ಕನೇ. "ಬಟ್ಟೆ ಅಟ್ಟಿ ಸದ್ದನ್ನೆಲ್ಲ ನುಂಗ್ಬಿಡುತ್ತೆ. ಅತ್ರೂ ಹೊರಗೆ ಕೇಳ್ಸಲ್ಲ," ಎನ್ನುತ್ತಾರೆ.

ಇದು ಸಮಾಲೋಚಕಿ ವಹಿಸಿದ ಕೆಲಸ ಎಂದಷ್ಟೇ ಲಾಂಡ್ರಿಯವರಿಗೆ ಗೊತ್ತಿತ್ತು. ದೊಡ್ಡಕ್ಕನೂ ಹದಿನೇಳು ವರ್ಷಗಳಿಂದ ಅದೇ ಸೋಂಕಿಗೆ ಮಾತ್ರೆ ನುಂಗುತ್ತಿದ್ದಾರೆ ಎಂಬುದು ಗೊತ್ತಿರಲಿಲ್ಲ.

ಗೊತ್ತಾಗಬಾರದು ಎನ್ನಲು ಅವರಿಗೆ ಕಾರಣವಿತ್ತು. ಗಂಡ ತೀರಿಕೊಂಡ ಮೇಲೆ ಅವರು ಒಂದು ವಸತಿಗೃಹದಲ್ಲಿ ಇದೇ ಕೆಲಸ ಮಾಡುತ್ತಿದ್ದರು. ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಆ ತುದಿ ಒಬ್ಬರು, ಈ ತುದಿ ಒಬ್ಬರು. ಪ್ರತಿ ಮಡಿಕೆಗೂ ಹತ್ತಿರ ಬಂದು ಕೈಗೆ ಕೈ ಸೇರಿಸಬೇಕು. ಗಂಡನ ಕಾಯಿಲೆಯ ಸುದ್ದಿ ಹಬ್ಬಿದ ಮರುದಿನದಿಂದ ಆ ತುದಿ ಹಿಡಿಯಲು ಯಾರೂ ಬರಲಿಲ್ಲ. ನಲ್ಲಿಗೆ ಒಂದು ಮೂಲೆ ಸಿಕ್ಕಿಸಿ, ಗದ್ದದಡಿ ಇನ್ನೊಂದನ್ನು ಒತ್ತಿ, ಎರಡು ವರ್ಷ ಒಬ್ಬರೇ ಮಡಿಸಿದರು.

"ಬೈದಿದ್ರೆ ನಾನೂ ನಾಲ್ಕು ಮಾತು ಬೈತಿದ್ದೆ. ಯಾರೂ ಏನೂ ಅನ್ಲಿಲ್ಲ. ನಾನು ಬಟ್ಟೆ ಹಿಡ್ಕೊಂಡು ನಿಂತಿರ್ತಿದ್ದೆ, ಅಷ್ಟೇ," ಎನ್ನುತ್ತಾರೆ.

ಆದ್ದರಿಂದ ಬೇರೆಯವರ ಮಾತು ಹಿಡಿದರೇ ಹೊರತು ತಮ್ಮದನ್ನು ಬಿಚ್ಚಲಿಲ್ಲ. ಮಾತಾಡಿ ಹೋದವರು ಕೆಣಕುತ್ತಿದ್ದರು: "ಊರವರ ಬಾಯೆಲ್ಲ ಬಿಡಿಸ್ತೀರಿ, ನಿಮ್ಮ ಬಾಯಿಗೇನು ಬೀಗ ಹಾಕಿದ್ದೀರಾ?" ಈ ವರ್ಷದ ಆರಂಭದಲ್ಲಿ ಒಂದು ಬೆಳಿಗ್ಗೆ ದೊಡ್ಡಕ್ಕ ಬಾಗಿಲು ಹಾಕಿಕೊಂಡು ಒಬ್ಬರೇ ಕುಳಿತರು. ದನಿ ಗುರುತು ಸಿಗದಂತೆ ಮೆಲ್ಲಗೆ, ಪಿಸುಗುಟ್ಟಿದಂತೆ ಮಾತಾಡಿದರು. ಆದರೆ ಎಲ್ಲರಿಗೂ ಹೇಳುವ ನಿಯಮವನ್ನು ತಾವೇ ಮರೆತರು. ಕೈ ತೊಡೆಯ ಮೇಲೆ ನಿಲ್ಲಲಿಲ್ಲ. ಮಾತಾಡುತ್ತಲೇ ಎದ್ದು, ಪಕ್ಕದಲ್ಲಿದ್ದ ಬಟ್ಟೆಯನ್ನು ಮಡಿಸತೊಡಗಿದರು. ತಿರುಗಿ ಕೇಳಿದಾಗಲೂ ಆ ಸದ್ದು ಅವರ ಕಿವಿಗೆ ಬೀಳಲಿಲ್ಲ. ದಿನವಿಡೀ ಅದರಲ್ಲೇ ಇರುವವರು ಅವರು.

ಬಿದ್ದದ್ದು ರೇಡಿಯೊ ಕಿವಿಗೆ.

ರೇಡಿಯೊ ಎಂದರೆ ಇಸ್ತ್ರಿ ವಿಭಾಗದ ಹೆಂಗಸು. ಬೆಳಿಗ್ಗೆ ಆರಕ್ಕೆ ಬಾಯಿ ತೆರೆದರೆ ಸಂಜೆಯೇ ಮುಚ್ಚುವುದೆಂದು ಆ ಹೆಸರು. ಒಬ್ಬರಿಗೆ ತಿಳಿದದ್ದನ್ನು ಮೂವತ್ತು ಮಂದಿಗೆ ತಲುಪಿಸುವುದು ಅವರ ಖ್ಯಾತಿ. ಅವರ ತಮ್ಮನಿಗೆ ಸೋಂಕು ಪತ್ತೆಯಾಗಿತ್ತು. ಮಾತ್ರೆ ಬೇಡ ಎಂದು ಹಟ ಹಿಡಿದು ಕುಳಿತಿದ್ದ. ಕೇಂದ್ರದಲ್ಲಿ ಕೊಟ್ಟ ಧ್ವನಿಯನ್ನು ಒಂದು ಸಂಜೆ ಮನೆಯಲ್ಲಿ ಅಕ್ಕನಿಗೂ ಕೇಳಿಸಿದ. ಪಿಸುಮಾತಿನ ಹಿಂದೆ ಎರಡು ಸಲ ಫಟ್ ಫಟ್ ಎಂದು ಕೊಡವಿದ ಸದ್ದು, ಆಮೇಲೆ ಅಂಗೈಯಿಂದ ಒಂದು ತಟ್ಟು. ಹಾಗೆ ಬಟ್ಟೆ ಮಡಿಸುವವರು ಈ ಲಾಂಡ್ರಿಯಲ್ಲಿ ಒಬ್ಬರೇ.

ಮೂರು ವಾರ ರೇಡಿಯೊ ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಬೇಗ ಬಂದು, ಬಟ್ಟೆ ಕೋಣೆಯ ಬಾಗಿಲಲ್ಲಿ ನಿಂತು, "ಅದು ನೀವೇ ಅಲ್ವಾ ದೊಡ್ಡಕ್ಕ?" ಎಂದರು.

ದೊಡ್ಡಕ್ಕ ನೆನೆಯುತ್ತಾರೆ: "ಇವಳಿಗೆ ಗೊತ್ತಾಯ್ತು ಅಂದ್ರೆ ಮುಗೀತು, ಇನ್ನು ನಲ್ಲಿ ಹುಡುಕ್ಬೇಕು ಅನ್ಕೊಂಡೆ. ಹೂಂ ಅಂದೆ. ಸುಳ್ಳು ಹೇಳೋಕೂ ಬಾಯಿ ಬರ್ಲಿಲ್ಲ."

ರೇಡಿಯೊ ಒಳಗೆ ಬಂದು, ದೊಡ್ಡಕ್ಕನ ಕೈಯಿಂದ ಜಾರುತ್ತಿದ್ದ ಬೆಡ್‌ಶೀಟಿನ ಇನ್ನೊಂದು ತುದಿಯನ್ನು ಎತ್ತಿಕೊಂಡರು. "ನಮ್ಮ ತಮ್ಮ ನಿನ್ನೆಯಿಂದ ಮಾತ್ರೆ ತಗೊಳ್ತಿದ್ದಾನೆ. ಎಳೀರಿ ಸರಿಯಾಗಿ, ಸುಕ್ಕಾಗುತ್ತೆ."

ಆ ದಿನದ ಮೊದಲ ಅಟ್ಟಿಯನ್ನು ಇಬ್ಬರೂ ಸೇರಿ ಮುಗಿಸಿದರು. "ಪ್ರತಿ ಮಡಿಕೆಗೂ ಅವಳ ಬೆರಳು ನನ್ನ ಬೆರಳಿಗೆ ತಾಗ್ತಿತ್ತು. ಬೇಕಂತಲೇ ಸ್ವಲ್ಪ ಹೆಚ್ಚು ಹೊತ್ತು ಇಡ್ತಿದ್ಲು," ಎನ್ನುವಾಗ ದೊಡ್ಡಕ್ಕನ ಕಣ್ಣು ತುಂಬುತ್ತದೆ. "ಅವಳ ಋಣ ತೀರ್ಸೋಕಾಗಲ್ಲ ಅಂದ್ರೆ, 'ನಿಮ್ಮದನ್ನ ನಾನು ಹೇಗೆ ತೀರಿಸ್ಲಿ' ಅಂತ ನನ್ನ ಮೇಲೇ ರೇಗ್ತಾಳೆ."

ನಂತರ ದೊಡ್ಡಕ್ಕ ತಾವಾಗಿಯೇ ಲಾಂಡ್ರಿಯ ಉಳಿದವರಿಗೂ ಹೇಳಿದರು. ಒಬ್ಬಾಕೆ ಒಂದು ವಾರ ದೂರ ನಿಂತಳು, ಆಮೇಲೆ ಬಂದಳು. ಫಟ್ ಫಟ್ ಸದ್ದಿನ ಧ್ವನಿಯನ್ನು ಮತ್ತೊಮ್ಮೆ ಮುದ್ರಿಸೋಣವೇ ಎಂದು ಸಮಾಲೋಚಕಿ ಕೇಳಿದ್ದಕ್ಕೆ, "ಇರ್ಲಿ ಬಿಡಿ ಮೇಡಂ," ಎಂದಿದ್ದಾರೆ.

ಕಳೆದ ಸೋಮವಾರ ಐದೂವರೆಗೆ ರೇಡಿಯೊ ಅವರ ತಮ್ಮ ಆ ಸ್ಟೂಲಿನ ಮೇಲೆ ಕುಳಿತು ತನ್ನ ಮಾತನ್ನು ಮುದ್ರಿಸಿದ. ಅದು ಹನ್ನೊಂದು ನಿಮಿಷವಿದೆ. ಯಾರೂ ಬಾಗಿಲು ತಟ್ಟದಂತೆ ರೇಡಿಯೊ ಹೊರಗೆ ಕಾವಲು ನಿಂತಿದ್ದರು. ಅಷ್ಟು ಹೊತ್ತೂ ಅವರು ಒಂದು ಮಾತೂ ಆಡಲಿಲ್ಲ.