ಇಪ್ಪತ್ತಾರು ಸೊನ್ನೆಗಳು

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಮೊದಲ ದಿನವೇ ಸುಗಂಧಿ ಒಂದು ಹಾಳೆ ಹಂಚುತ್ತಿದ್ದಳು. ವಿಜ್ಞಾನದ ಪಾಠ ಶುರುವಾಗುವ ಮುಂಚೆ ಅದನ್ನು ಮನೆಗೆ ಒಯ್ದು, ಅಪ್ಪನದೋ ಅಮ್ಮನದೋ ಸಹಿ ಹಾಕಿಸಿಕೊಂಡು ಬರಬೇಕು. ಲ್ಯಾಬಿಗೆ ಬರುವಾಗ ಜಡೆ ಬಿಗಿಯಾಗಿ ಕಟ್ಟಿರಬೇಕು, ತೋಳು ಮಡಚಿರಬೇಕು. ಕೇಳದೆ ಏನನ್ನೂ ಮುಟ್ಟಬಾರದು, ಮೂಸಬಾರದು, ನೆಕ್ಕಲಂತೂ ಬಾರದು. ಬರೆಯುವುದು ಪೆನ್ನಿನಲ್ಲಿ, ತಪ್ಪಾದರೆ ಒಂದು ಗೆರೆ ಎಳೆದರೆ ಸಾಕು, ವೈಟ್ನರ್ ಹಚ್ಚಬಾರದು. ಪುಸ್ತಕದಲ್ಲಿ ಇರುವುದನ್ನಲ್ಲ, ಕಣ್ಣಿಗೆ ಕಂಡದ್ದನ್ನು ಬರೆಯಬೇಕು. ಹಾಗೆ ಬರೆದವರ ಮಾರ್ಕು ಎಂದೂ ಕಡಿಮೆಯಾಗದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು.

ಈ ಕೊನೆಯ ಮಾತಿಗೆ ಪ್ರತಿ ವರ್ಷ ಒಬ್ಬರಾದರೂ ತಂದೆ ಜಗಳಕ್ಕೆ ಬರುತ್ತಿದ್ದರು.

"ಮೇಡಂ, ಮಗನನ್ನು ಮೆಡಿಕಲ್ ಓದಿಸಬೇಕಂತ ಇದ್ದೇವೆ. ನೀವು ನೋಡಿದರೆ ಗೊತ್ತಿಲ್ಲ ಅನ್ನುವುದನ್ನು ಕಲಿಸ್ತಿದ್ದೀರಿ!"

"ಸರ್, ಗೊತ್ತಿಲ್ಲದೆ ಗೊತ್ತುಂಟು ಅನ್ನುವ ಡಾಕ್ಟರ ಹತ್ತಿರ ನೀವು ಹೋಗ್ತೀರಾ?"

ಆ ತಂದೆ ಅಲ್ಲೇ ನಿಂತು ಸಹಿ ಹಾಕಿ ಹೋದರು.

ಸುಗಂಧಿ ತೀರಿಕೊಂಡು ಮೂರು ತಿಂಗಳಾಯಿತು. ಭಾನುವಾರ, ಇಲ್ಲಿ ಕುವೈತಿನಲ್ಲಿ ವಾರದ ಮೊದಲ ಕೆಲಸದ ದಿನ, ಬೆಳಿಗ್ಗೆ ಶಾಲೆಯ ಬಸ್ಸಿಗೆಂದು ಇಳಿಯುತ್ತಿದ್ದವಳು ಮೆಟ್ಟಿಲ ಮೇಲೆ ಕೂತಳು, ಏಳಲಿಲ್ಲ. ಐವತ್ತೊಂದು ವರ್ಷ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗಾಗದು. ಅವಳು ಎಂಥವಳಾಗಿದ್ದಳು ಎಂಬುದನ್ನು ಬರೆಯಬಹುದು, ಅದು ಸುಲಭ, ಅವಳು ಮಾತಿನವಳು.

ಊರು ಪಡುಬಿದ್ರಿ. ಗಂಡ ಧನರಾಜ್ ಕುವೈತ್ ನಗರದ ಶರ್ಕ್‌ನ ಹೋಟೆಲೊಂದರಲ್ಲಿ ಮ್ಯಾನೇಜರು. ಮಂಗಫ್‌ನ ಒಂದೇ ಕಟ್ಟಡದಲ್ಲಿ ಅವರದು ಎರಡನೇ ಮಹಡಿ, ನಮ್ಮದು ನಾಲ್ಕನೆಯದು. ನನ್ನ ಗಂಡ ಶರಣು ರಿಫೈನರಿಯಲ್ಲಿ ಟೆಕ್ನಿಷಿಯನ್. ಸುಗಂಧಿ ಕಲಿಸುತ್ತಿದ್ದ ಶಾಲೆಯಲ್ಲೇ ನಾನು ಲೈಬ್ರರಿ ನೋಡಿಕೊಳ್ಳುತ್ತೇನೆ. ಹೀಗಾಗಿ ಹದಿನಾಲ್ಕು ವರ್ಷ ಬೆಳಿಗ್ಗೆ ಆರೂಕಾಲಿನ ಬಸ್ಸಿನಲ್ಲಿ ಒಂದೇ ಸೀಟು. ನನ್ನ ಗದಗಿನ ಮಾತು ಅವಳಿಗೆ ಮೊದಮೊದಲು ಬೈದಂತೆ ಕೇಳುತ್ತಿತ್ತಂತೆ. "ನೀನು ಗುಡ್ ಮಾರ್ನಿಂಗ್ ಹೇಳಿದ್ರೂ ನಾನೆಂತ ತಪ್ಪು ಮಾಡಿದೆ ಅಂತ ಆಗ್ತದೆ ಮಾರಾಯ್ತಿ," ಎನ್ನುತ್ತಿದ್ದಳು. "ನೀ ಬೈದರೂ ಜೋಗುಳ ಹಾಡಿದಂಗ ಕೇಳಸ್ತೈತಿ, ಅದಕ್ಕ ಹುಡುಗರು ನಿನಗ ಅಂಜೂದಿಲ್ಲ," ಎಂದು ನಾನು.

ಬೇರೆ ಟೀಚರುಗಳು ಹತ್ತು, ಹನ್ನೆರಡನೇ ಕ್ಲಾಸಿಗೆ ಹಾತೊರೆಯುತ್ತಿದ್ದರು; ಬೋರ್ಡ್ ಪರೀಕ್ಷೆ ಇದೆ, ಹೆಸರು ಬರುತ್ತದೆ. ಸುಗಂಧಿಗೆ ಒಂಬತ್ತೇ ಬೇಕು. ಮಕ್ಕಳು ಮೊದಲ ಸಲ ಬರ್ನರ್ ಹಚ್ಚುವುದು, ಮೊದಲ ಸಲ ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿಯುವುದು ಆ ಕ್ಲಾಸಿನಲ್ಲೇ. "ಹತ್ತಕ್ಕೆ ಹೋದ ಮೇಲೆ ಅವಕ್ಕೆ ಮಾರ್ಕು ಮಾತ್ರ ಕಾಣುದು," ಎನ್ನುತ್ತಿದ್ದಳು. ಅವಳು ಆ ಕ್ಲಾಸನ್ನು ಕಳೆದುಕೊಂಡದ್ದು ಒಂದು ಹನಿ ಶಾಯಿಯಿಂದ.

ಪಾಠ ಬಹಳ ಸಣ್ಣದು. ಬಿಸಿನೀರಿನಲ್ಲಿ ಶಾಯಿ ಬೇಗ ಹರಡುತ್ತದೆ, ತಣ್ಣೀರಿನಲ್ಲಿ ನಿಧಾನವಾಗಿ. ಏಪ್ರಿಲ್ ಮೊದಲ ವಾರದಲ್ಲೇ ಅದು ಮುಗಿಯಬೇಕು. ಆ ವರ್ಷ ಲ್ಯಾಬಿನ ರಿಪೇರಿ ನಡೆದು ಮೇ ಕೊನೆಗೆ ಬಂತು. ಲ್ಯಾಬ್ ಇನ್ನೂ ತೆರೆದಿರಲಿಲ್ಲ, ಹಾಗಾಗಿ ಶುಕ್ರವಾರ ಶನಿವಾರದ ರಜೆಗೆ ಮನೆಗೆಲಸವಾಗಿ ಕೊಟ್ಟಳು. ಒಲೆ ಹಚ್ಚುವುದು ಬೇಡ, ಕೈ ಸುಟ್ಟುಕೊಂಡರೆ ಕಷ್ಟ. ಬಿಸಿನೀರಿನ ನಲ್ಲಿಯಿಂದ ಒಂದು ಗಾಜಿನ ಲೋಟ, ತಣ್ಣೀರಿನ ನಲ್ಲಿಯಿಂದ ಒಂದು. ಎರಡಕ್ಕೂ ಒಂದೊಂದು ಹನಿ ಶಾಯಿ. ಎಷ್ಟು ಸೆಕೆಂಡಿಗೆ ಹರಡಿತು, ಬರೆಯಿರಿ.

ಭಾನುವಾರ ಮೂವತ್ತೆರಡು ಹಾಳೆ ಬಂದವು. ಆರು ಮಂದಿ ಬಿಸಿನೀರಿನಲ್ಲಿ ಬೇಗ ಎಂದು ಬರೆದಿದ್ದರು. ಇಪ್ಪತ್ತಾರು ಮಂದಿ ತಣ್ಣೀರಿನಲ್ಲೇ ಬೇಗ ಎಂದು. ಅವಳು ಆರಕ್ಕೆ ಐದಕ್ಕೈದು ಕೊಟ್ಟು, ಇಪ್ಪತ್ತಾರಕ್ಕೆ ಸೊನ್ನೆ ಸುತ್ತಿ, ಅದೇ ದಿನ ಶಾಲೆಯ ವೆಬ್‌ಸೈಟಿಗೆ ಏರಿಸಿಬಿಟ್ಟಳು. ಒಮ್ಮೆ ಏರಿಸಿದರೆ ಅದು ಬೀಗ ಬಿದ್ದಂತೆ.

ಸೋಮವಾರ ಕ್ಲಾಸಿನಲ್ಲಿ ತೃಷಾ ಎಂಬ ಹುಡುಗಿ ಎದ್ದು ನಿಂತಳು. ಮನೆಯಲ್ಲಿ ತುಳು, ಕನ್ನಡ ಎರಡೂ ಇದೆ, ಬಾಯಿಗೆ ಬರುವುದು ಇಂಗ್ಲಿಷು.

"ಮಿಸ್, ಐ ಡಿಡ್ ಇಟ್ ತ್ರೀ ಟೈಮ್ಸ್."

"ಮೂರು ಸಲ ಮಾಡಿದ್ರೆ ತಪ್ಪು ಸರಿಯಾಗುದಿಲ್ಲ ಮಗಾ. ಕೂತ್ಕೋ."

ಉಳಿದವರು ನಕ್ಕರು, ತೃಷಾ ಕೂತಳು. ಮನೆಗೆ ಬರುವಾಗ ಬಸ್ಸಿನಲ್ಲಿ ಸುಗಂಧಿ ನನಗೆ ಇದನ್ನು ಹೇಳಿ ತಾನೂ ನಕ್ಕಳು. "ಇಪ್ಪತ್ತಾರು ಜನ ಒಬ್ಬಂದನ್ನೇ ನೋಡಿ ಬರೆದದ್ದು. ಕಾಪಿ ಹೊಡಿಲಿಕ್ಕೂ ಒಂದು ಬುದ್ಧಿ ಬೇಡ್ವಾ?"

ಆ ಸಂಜೆ ಯಾರೋ ನಮ್ಮ ಬಾಗಿಲು ದಬದಬ ಬಡಿದರು. ತೆರೆದರೆ ಸುಗಂಧಿ, ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿ, ಒಂದು ಕಾಲು ಒದ್ದೆ, ಇನ್ನೊಂದು ಕಾಲು ಒಣ.

"ಸ್ವಪ್ನಾ, ನಿನ್ನ ಗೀಸರ್ ಆನ್ ಉಂಟಾ?"

"ಮೇ ತಿಂಗಳದಾಗ ಯಾರರ ಗೀಸರ್ ಹಚ್ಚತಾರೇನ? ತಲಿ ಕೆಟ್ಟೈತೇನ ನಿಂಗ?"

"ಕೆಟ್ಟಿದೆ. ಎರಡು ಲೋಟ ತಾ."

ಕುವೈತಿನಲ್ಲಿ ಒಂದು ಬೇಸಿಗೆ ಕಳೆದವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ತಣ್ಣೀರಿನ ನಲ್ಲಿಗೆ ನೀರು ಬರುವುದು ತಾರಸಿಯ ಟ್ಯಾಂಕಿನಿಂದ. ಮೇ ಬಂತೆಂದರೆ ಆ ನೀರು ಕೈ ಚುರುಕ್ಕೆನ್ನುವಷ್ಟು ಸುಡುತ್ತದೆ. ಆಗ ಎಲ್ಲರೂ ಮಾಡುವುದೊಂದೇ: ಗೀಸರ್ ಆರಿಸುವುದು. ಗೀಸರಿನೊಳಗಿನ ನೀರು ಏಸಿ ಹಾಕಿದ ಮನೆಯೊಳಗೆ ನಿಂತು ತಣ್ಣಗಾಗಿರುತ್ತದೆ. ಅಕ್ಟೋಬರಿನವರೆಗೆ ನಾವು ಸ್ನಾನಕ್ಕೆ ತಿರುಗಿಸುವುದು ಕೆಂಪು ಗುರುತಿನ ಬಿಸಿನೀರಿನ ನಲ್ಲಿಯನ್ನೇ. ಹದಿನೆಂಟು ಬೇಸಿಗೆ ಸುಗಂಧಿಯೂ ಹಾಗೆಯೇ ಮಿಂದಿದ್ದಳು. ಆದರೆ ಹಾಳೆ ತಿದ್ದುವಾಗ ಅವಳ ತಲೆಯಲ್ಲಿದ್ದದ್ದು ಸ್ನಾನದ ಮನೆಯಲ್ಲ, ಪುಸ್ತಕ. ಅಂದು ಸಂಜೆ ಕಾಲು ತೊಳೆಯುವಾಗ ಮರೆತು ನೀಲಿ ಗುರುತಿನ ತಣ್ಣೀರಿನ ನಲ್ಲಿ ತಿರುಗಿಸಿ, ಕಾಲು ಚುರುಕ್ಕೆಂದಾಗ ಅವಳಿಗೆ ಹೊಳೆದಿತ್ತು.

ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಎರಡು ಚಹಾದ ಗಾಜಿನ ಲೋಟ ಇಟ್ಟೆವು. ಶರಣು ಮೊಬೈಲಿನಲ್ಲಿ ಸಮಯ ನೋಡಿದರು.

"ನೀಲಿ ನಲ್ಲಿ, ಇಪ್ಪತ್ತೆರಡು ಸೆಕೆಂಡ್ ರೀ ಟೀಚರ್. ಕೆಂಪಂದು ನಿಮಿಷ ಆತು, ಇನ್ನೂ ದಾರ ಬಿಟ್ಟಂಗ ನಿಂತೈತಿ. ಏನ್ರಿ, ನಿಮ್ಮ ವಿಜ್ಞಾನ ಉಲ್ಟಾ ಹೊಡೀತಲ್ಲ?"

"ವಿಜ್ಞಾನ ಸರಿ ಉಂಟು ಶರಣಣ್ಣ. ಉಲ್ಟಾ ಹೊಡೆದದ್ದು ನಾನು." ಅವಳು ಕುರ್ಚಿ ಎಳೆದು ಕೂತಳು. "ಇಪ್ಪತ್ತಾರು ಮಕ್ಕಳು ಕಂಡದ್ದನ್ನೇ ಬರೆದದ್ದು. ನಾನು ಹೇಳಿದ ಹಾಗೆ ಮಾಡಿದ್ದಕ್ಕೆ ನಾನೇ ಸೊನ್ನೆ ಕೊಟ್ಟೆ."

"ಮತ್ತ ಆ ಆರು ಮಂದಿ?"

"ಅವರು ನಲ್ಲಿ ತಿರುಗಿಸ್ಲೇ ಇಲ್ಲ ಅಂತ ಕಾಣ್ತದೆ." ಕೂಡಲೇ ತಲೆಯಾಡಿಸಿ, "ಬೇಡ, ಹಾಗೆ ಹೇಳಬಾರದು. ನಿನ್ನೆಯೂ ಕೇಳದೆಯೇ ತೀರ್ಮಾನ ಮಾಡಿದ್ದೆ," ಎಂದಳು.

ಮರುದಿನ ಆ ಆರು ಮಕ್ಕಳನ್ನು ಲೈಬ್ರರಿಗೆ ಒಬ್ಬೊಬ್ಬರಾಗಿ ಕರೆದು ಕೇಳಿದಳು. ಐವರು ಪುಸ್ತಕ ನೋಡಿ ಬರೆದದ್ದು ಹೌದೆಂದು ಒಪ್ಪಿಕೊಂಡರು. ಆರನೆಯವಳು ರಮ್ಲಾ, ಉಳ್ಳಾಲದ ಅಹ್ಮದ್ ಬಾವಾ ಅವರ ಮಗಳು.

"ನಮ್ಮ ಮನೆಯಲ್ಲಿ ಗೀಸರ್ ಆಫೇ ಮಾಡುದಿಲ್ಲ ಮಿಸ್. ತಮ್ಮ ಹುಟ್ಟಿ ಇಪ್ಪತ್ತು ದಿನ ಆದದ್ದು. ಉಮ್ಮನಿಗೆ ಸುಡುಸುಡು ನೀರೇ ಆಗ್ಬೇಕು."

ಸುಗಂಧಿ ಅವಳ ಎರಡೂ ಕೆನ್ನೆ ಹಿಡಿದಳು. "ನೀನು ಬದುಕಿಸಿದೆ ಮಾರಾಯ್ತಿ ನನ್ನನ್ನು!"

ಉಳಿದದ್ದು ಬೀಗ. ವೆಬ್‌ಸೈಟಿನ ಮಾರ್ಕು ಬದಲಿಸಬೇಕಾದರೆ ತಪ್ಪು ತನ್ನದೆಂದು ಟೀಚರು ಲಿಖಿತವಾಗಿ ಕೊಡಬೇಕು. ಆ ಪತ್ರ ಆಡಳಿತ ಮಂಡಳಿಗೆ ಹೋಗುತ್ತದೆ. ಉಪಪ್ರಾಂಶುಪಾಲೆ ಹೆಲೆನ್ ಮೇಡಂ ಮಂಗಳೂರಿನವರು, ಸುಗಂಧಿಯ ಮೇಲೆ ಪ್ರೀತಿಯಿದ್ದವರು. ಅವರು ಹೇಳಿದ್ದನ್ನು ಸುಗಂಧಿ ಆ ಮಧ್ಯಾಹ್ನವೇ ನನ್ನ ಮೇಜಿನೆದುರು ಕೂತು, ಅವರ ಧ್ವನಿಯಲ್ಲೇ ಒಪ್ಪಿಸಿದಳು.

"ಸುಗಂಧಿ, ನಾನೊಂದು ಹೇಳ್ತೇನೆ ಕೇಳಿ. ಮುಂದಿನ ಟೆಸ್ಟಲ್ಲಿ ಆ ಮಕ್ಕಳಿಗೆಲ್ಲ ಐದೈದು ಹೆಚ್ಚು ಕೊಟ್ಟುಬಿಡಿ. ಯಾರಿಗೂ ಗೊತ್ತಾಗುದಿಲ್ಲ, ಯಾರಿಗೂ ನಷ್ಟ ಇಲ್ಲ."

"ಅವರದ್ದು ತಪ್ಪು ಅಂತಲೇ ಉಳೀತದಲ್ಲ ಮೇಡಂ?"

"ಉಳೀಲಿ. ನೀವು ಬರೆದು ಕೊಟ್ರೆ ಆ ಐದು ಮಕ್ಕಳ ಅಪ್ಪಂದಿರು ಪುಸ್ತಕ ಹಿಡ್ಕೊಂಡು ಬರ್ತಾರೆ, ಪುಸ್ತಕದಲ್ಲಿದ್ದದ್ದು ಬರೆದ್ರೆ ಹೇಗೆ ತಪ್ಪು ಅಂತ. ಗಲಾಟೆ ಆದ್ರೆ ಮುಂದಿನ ವರ್ಷ ನೈಂತ್ ನಿಮಗೆ ಸಿಗುದಿಲ್ಲ. ಅದನ್ನು ತಡೀಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ನಾಳೆ ಹೇಳಿ."

ಧನರಾಜ್ ಮನೆಯಲ್ಲಿ ಅದನ್ನೇ ಚಿಕ್ಕದಾಗಿ ಹೇಳಿದರು: "ಖಲಾಸ್ ಮಾಡು ಮಾರಾಯ್ತಿ, ಐದು ಮಾರ್ಕಿನ ವಿಷಯ." ಶರಣು ಬರೆದು ಕೊಡಿ ಎಂದರು. ನಾನು ಬ್ಯಾಡ ಎಂದೆ. ನಿಜ ಹೇಳುವುದಾದರೆ, ಒಂಬತ್ತನೇ ಕ್ಲಾಸಿಲ್ಲದ ಸುಗಂಧಿಯ ಪಕ್ಕ ಬಸ್ಸಿನಲ್ಲಿ ಕೂರುವುದನ್ನು ನೆನೆಸಿ ನನಗೇ ಭಯವಾಗಿತ್ತು.

ಬೆಳಿಗ್ಗೆ ಬಸ್ಸಿನಲ್ಲಿ ಅವಳು ಮಡಿಚಿದ ಕಾಗದ ತೋರಿಸಿದಳು. ಒಂದೇ ಪುಟ. ಇಪ್ಪತ್ತಾರು ಮಂದಿಯದೂ ರಮ್ಲಾಳದೂ ಸರಿ, ಐವರು ಮತ್ತೆ ಮಾಡಿ ತರಬೇಕು, ತಪ್ಪು ತನ್ನದು, ಕಾರಣ ಗೀಸರ್.

"ಕೊಡತಿಯೇನ?" ಎಂದೆ.

"ಆ ತೃಷಾ ಕೂತದ್ದು ನೋಡ್ಬೇಕಿತ್ತು ನೀನು. ಇನ್ನೆಂದೂ ಏಳುದಿಲ್ಲ ಅನ್ನುವ ಹಾಗೆ ಕೂತಳು."

ಪತ್ರ ಕೊಟ್ಟು ಬಂದು ನೇರ ಕ್ಲಾಸಿಗೆ ಹೋದಳು. ಮುಂದಿನ ಪೀರಿಯಡ್ಡು ಮಕ್ಕಳಿಗೆ ಲೈಬ್ರರಿಯಾದ್ದರಿಂದ ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಬೋರ್ಡಿನ ಮೇಲೆ ತನ್ನ ಹೆಸರು ಬರೆದು ಮುಂದೆ ಐದಕ್ಕೆ ಸೊನ್ನೆ ಎಂದು ಬರೆದಳು. ನೀವು ಕಂಡದ್ದನ್ನು ಬರೆದಿರಿ, ನಾನು ನೋಡದೆ ತಿದ್ದಿದೆ, ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ನಿಮಗೆ ರೀಟೆಸ್ಟ್ ಉಂಟಾ?" ಎಂದ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು, ಅವಳೂ.

ತೃಷಾ ನಗಲಿಲ್ಲ. ಎದ್ದಳು. ಬೇಸಿಗೆಯಲ್ಲಿ ನೀಲಿ ನಲ್ಲಿ ಬಿಸಿ, ಗೀಸರ್ ಆರಿಸಿದ ಕೆಂಪು ನಲ್ಲಿ ತಣ್ಣಗೆ. ಹಾಗಾದರೆ ಎರಡೂ ಒಂದೇ ಆಗುವುದು ಯಾವ ತಿಂಗಳು ಎಂದು ಕೇಳಿದಳು.

"ಗೊತ್ತಿಲ್ಲ," ಎಂದಳು ಸುಗಂಧಿ. ಅಷ್ಟು ಖುಷಿಯಿಂದ ಆ ಮಾತು ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಹೆಲೆನ್ ಮೇಡಂ ಹೇಳಿದ ಹಾಗೆಯೇ ಆಯಿತು. ಐವರಲ್ಲಿ ನಾಲ್ವರ ತಂದೆಯರು ಪುಸ್ತಕ ಹಿಡಿದೇ ಬಂದರು. ಆ ವರ್ಷ ಮುಗಿಯುವವರೆಗೆ ಕ್ಲಾಸು ಅವಳದೇ ಇತ್ತು. ನವೆಂಬರ್ ಎರಡನೇ ವಾರ ತೃಷಾ ಒಂದು ಗ್ರಾಫ್ ತಂದು ತೋರಿಸಿದಳು. ಎರಡೂ ನಲ್ಲಿಗಳ ನೀರಿನ ಬಿಸಿ ತೋರಿಸುವ ಗೆರೆಗಳು ಆ ವಾರಕ್ಕೆ ಬಂದು ಸೇರಿದ್ದವು. ಏಪ್ರಿಲ್‌ನಲ್ಲಿ ವೇಳಾಪಟ್ಟಿ ಬಂದಾಗ ಸುಗಂಧಿಯ ಹೆಸರು ಐದನೇ ಕ್ಲಾಸಿನ ಪರಿಸರ ಅಧ್ಯಯನದ ಎದುರಿಗಿತ್ತು. ಕೊನೆಯವರೆಗೂ ಅಲ್ಲೇ ಇತ್ತು.

ಆ ಹೊಸ ವರ್ಷದಲ್ಲೇ ಒಮ್ಮೆ ಬಸ್ಸಿನಲ್ಲಿ ಕೇಳಿದ್ದೆ, ಬ್ಯಾಸರ ಐತೇನ ಎಂದು. ನಗೆಯಾಡಿ ಹಾರಿಸುತ್ತಾಳೆಂದುಕೊಂಡಿದ್ದೆ.

"ಉಂಟು," ಎಂದಳು. "ದಿನಾ ಉಂಟು. ಲ್ಯಾಬಿನ ಎದುರು ಹೋಗುವಾಗ ಜಾಸ್ತಿ." ಕಿಟಕಿಯಾಚೆ ರಿಫೈನರಿಯ ಬಸ್ಸುಗಳು ಸಾಲಾಗಿ ಹೊರಟಿದ್ದವು. "ಆದರೆ ಆ ಕಾಗದ ಕೊಡದೆ ಅದೇ ಲ್ಯಾಬಿನೊಳಗೆ ನಿಂತು, ಕಂಡದ್ದು ಬರೀರಿ ಮಕ್ಕಳೇ ಅಂತ ನಾನು ಹೇಗೆ ಹೇಳುದಿತ್ತು, ನೀನೇ ಹೇಳು."

ಶಾಲೆ ಬಂತು. ಅವಳು ಚೀಲ ಹೆಗಲಿಗೇರಿಸಿ ಪ್ರೈಮರಿ ಬ್ಲಾಕಿನ ಕಡೆ ಹೊರಟಳು. ಎರಡನೇ ಮಹಡಿಯ ಕಿಟಕಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಅವಳಿಗೆ ಕೈ ಬೀಸುತ್ತಿದ್ದರು.